ಏರ್ ಪಿಸ್ತೂಲ್ ವೇಗ: 138 ಸಾಕಾ, 150ಕ್ಕೆ ಏರಿಸಬೇಕಾ?

ಕಪ್ಪುವೃತ್ತ:
ಎಲ್ಲರಿಗೂ ನಮಸ್ಕಾರ. ನಾನು ಹತ್ತು ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತೇನೆ. ಸೆಕೆಂಡ್ ಹ್ಯಾಂಡ್ ಗನ್, ಗಾಳಿ ಸಿಲಿಂಡರಿನದು. ಮೊನ್ನೆ ಒಬ್ಬರ ಹತ್ತಿರ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಸಿಕ್ಕಿತು ಅಂತ ಸುಮ್ನೆ ಅಳೆದು ನೋಡಿದೆ. ಸರಾಸರಿ ಸೆಕೆಂಡಿಗೆ 138 ಮೀಟರ್ ಬಂತು. ನನ್ನ ಜೊತೆ ಅಭ್ಯಾಸ ಮಾಡುವ ಗೆಳೆಯನ ಹತ್ತಿರ ಇದೇ ಮಾಡೆಲ್ ಇದೆ, ಅವನದು 150. ಆವತ್ತಿನಿಂದ ಅವನ ಕಾಟ ಶುರು. "ನಿನ್ನ ಗನ್‌ಗೆ ದಮ್ಮಿಲ್ಲ, ಸ್ಕ್ರೂ ತಿರುಗಿಸಿ ಏರಿಸು. ವೇಗ ಇದ್ದಷ್ಟೂ ಕೈ ಅಲ್ಲಾಡಿದ್ದು ಕಾಣಲ್ಲ" ಅಂತಾನೆ.

ಗನ್ ನನಗೆ ಹಿತವಾಗಿದೆ. ಒದೆತ ಕಡಿಮೆ. ಆದರೆ ಮನಸ್ಸಿನಲ್ಲಿ ಹುಳ ಬಿಟ್ಟಿದ್ದಾನೆ. ಟಾರ್ಗೆಟ್ ಪಿಸ್ತೂಲಿಗೆ ಸರಿಯಾದ ವೇಗ ಅಂತ ಒಂದು ಇದೆಯಾ? ಏರಿಸಬೇಕಾ ಬೇಡವಾ?

ಟ್ರಿಗರ್‌ತಾತ:
ಬೇಡ.

ಕಪ್ಪುವೃತ್ತ:
ತಾತ, ಯಾಕೆ ಅಂತನೂ ಹೇಳಿ 😄

ಟ್ರಿಗರ್‌ತಾತ:
ಚೆನ್ನಾಗಿ ಹೊಡೆಯುತ್ತಿರುವ ಗನ್ನಿನ ಸ್ಕ್ರೂ ಮುಟ್ಟಬಾರದು. ಅಷ್ಟೇ ಕಾರಣ.

ಬಿರುಗಾಳಿ:
ತಾತನ ಮಾತಿಗೆ ನನ್ನ ವಿರೋಧ ಇದೆ. ಲೆಕ್ಕ ಸುಲಭ. 138ರಲ್ಲಿ ಪೆಲೆಟ್ (ಸೀಸದ ಪುಟ್ಟ ಗುಂಡು) ಹತ್ತು ಮೀಟರ್ ಹೋಗಲು ಸುಮಾರು 72 ಮಿಲಿಸೆಕೆಂಡ್. 155ರಲ್ಲಿ 65. ಏಳು ಮಿಲಿಸೆಕೆಂಡ್ ಉಳಿಯಿತು. ಅಷ್ಟು ಹೊತ್ತು ಕೈ ಅಲ್ಲಾಡುವುದು ತಪ್ಪಿತು. ಇದರಲ್ಲಿ ವಾದ ಮಾಡೋಕೆ ಏನಿದೆ? ವೇಗವಾದ ಗನ್ ಯಾವತ್ತೂ ಒಳ್ಳೆಯದೇ. ರೈಫಲ್‌ನವರು ಸುಮ್ನೆ 170ರ ಮೇಲೆ ಇಟ್ಟುಕೊಂಡಿರುತ್ತಾರಾ?

ಲೆಕ್ಕದಮೇಷ್ಟ್ರು:
ಬಿರುಗಾಳಿ ಅವರೇ, ಪೆಲೆಟ್ ಬ್ಯಾರೆಲ್ ಬಿಟ್ಟ ಮೇಲೆ ನೀವು ಗನ್ ಕೆಳಗೆ ಹಾಕಿ ಕುಣಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಆ 72 ಮಿಲಿಸೆಕೆಂಡಿಗೂ ನಿಮ್ಮ ಕೈಗೂ ಸಂಬಂಧವೇ ಇಲ್ಲ. ಕೈಗೆ ಸಂಬಂಧ ಇರುವುದು ಪೆಲೆಟ್ ಬ್ಯಾರೆಲ್ ಒಳಗಿರುವ ಹೊತ್ತಿಗೆ ಮಾತ್ರ.

ಅದನ್ನು ಲೆಕ್ಕ ಹಾಕೋಣ. ಬ್ಯಾರೆಲ್ 23 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಒಳಗೆ ವೇಗ ಒಂದೇ ಸಮ ಏರುತ್ತದೆ ಅಂತ ಅಂದುಕೊಂಡರೆ, 138ಕ್ಕೆ ಸುಮಾರು 3.3 ಮಿಲಿಸೆಕೆಂಡ್, 155ಕ್ಕೆ ಸುಮಾರು 3. ನಿಜದಲ್ಲಿ ಗಾಳಿಯ ಒತ್ತಡ ಮೊದಲೇ ಜೋರಾಗಿರುತ್ತದೆ, ಹಾಗಾಗಿ ಇನ್ನೂ ಕಡಿಮೆ ಹೊತ್ತು. ವ್ಯತ್ಯಾಸ ಒಂದು ಮಿಲಿಸೆಕೆಂಡಿನ ಮೂರನೇ ಒಂದು ಭಾಗ.

ಈಗ ನಿಮ್ಮ ಗುರಿ ಟಾರ್ಗೆಟ್ ಮೇಲೆ ಸೆಕೆಂಡಿಗೆ 100 ಮಿ.ಮೀ. ವೇಗದಲ್ಲಿ ಅಲೆಯುತ್ತಿದೆ ಅನ್ನಿ. ಆ ಹೊತ್ತಿನಲ್ಲಿ ಅದು ಎಷ್ಟು ಸರಿಯುತ್ತದೆ? 0.04 ಮಿ.ಮೀ.ಗಿಂತಲೂ ಕಡಿಮೆ. ನೋಟ್‌ಬುಕ್ಕಿನ ಒಂದು ಹಾಳೆ ಇದಕ್ಕಿಂತ ದಪ್ಪ ಇರುತ್ತದೆ.

ಬಿರುಗಾಳಿ:
ಮೇಷ್ಟ್ರೇ, ಟ್ರಿಗರ್ ಕಿತ್ತಾಗ ಗುರಿ 100 ಮಿ.ಮೀ. ವೇಗದಲ್ಲಿ ಸರಿಯಲ್ಲ. ಹಾರುತ್ತದೆ!

ಲೆಕ್ಕದಮೇಷ್ಟ್ರು:
ಸರಿ, ಹತ್ತು ಪಟ್ಟು ಮಾಡೋಣ. ಸೆಕೆಂಡಿಗೆ ಒಂದು ಮೀಟರ್. ಆಗಲೂ ವ್ಯತ್ಯಾಸ 0.4 ಮಿ.ಮೀ. ಒಳಗೇ. ಹಾಗೆ ಕಿತ್ತವರ ಗುಂಡು ಹೇಗೂ ಏಳಕ್ಕೋ ಎಂಟಕ್ಕೋ ಹೋಗಿರುತ್ತದೆ. ಅದನ್ನು ಒಂಬತ್ತಕ್ಕೆ ತರುವ ಶಕ್ತಿ ವೇಗಕ್ಕಿಲ್ಲ.

ತೋಳುನೋವು:
ಇದನ್ನು ಪ್ರಿಂಟ್ ತೆಗೆದು ನಮ್ಮ ರೇಂಜ್ ಗೋಡೆಗೆ ಅಂಟಿಸಬೇಕು.

ಹಳೇಸ್ಪ್ರಿಂಗ್:
ವೇಗದ ಹುಚ್ಚು ಹೊಸದಲ್ಲ ಬಿಡಿ. ನನ್ನದು ಇನ್ನೂ ಫೈನ್‌ವೆರ್ಕ್‌ಬೌ 65. ಪಕ್ಕದ ಲಿವರ್ ಎಳೆದು ಸ್ಪ್ರಿಂಗ್ ಕಟ್ಟುವ ಗನ್. ಹೊಡೆದಾಗ ಮೇಲಿನ ಭಾಗ ಇಡೀ ಹಳಿಯ ಮೇಲೆ ಹಿಂದಕ್ಕೆ ಜಾರುತ್ತದೆ, ಕೈಗೆ ಒದೆತ ಬರುವುದಿಲ್ಲ. ವೇಗದಲ್ಲಿ ಈಗಿನ ಗನ್‌ಗಳಿಗಿಂತ ಹಿಂದೆಯೇ. ಆದರೆ ಕಾಗದದಲ್ಲಿ ತೂತು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ಸಿಲಿಂಡರ್ ತುಂಬಿಸುವ ರಗಳೆ ಇಲ್ಲ, ಗಾಳಿಯ ಒತ್ತಡ ಹದದಲ್ಲಿಡುವ ರೆಗ್ಯುಲೇಟರ್ ಕೈಕೊಡುವ ಭಯ ಇಲ್ಲ.

ಸೊನ್ನೆಬಿಂದು:
ಅಂಕಲ್, ತೂಕ?

ಹಳೇಸ್ಪ್ರಿಂಗ್:
ತೂಕದ ಬಗ್ಗೆ ಮಾತಾಡೋದು ಬೇಡ.

ಗುರಿಕಾರ್ತಿ:
ಮೂಲ ಪ್ರಶ್ನೆಗೆ ಬರೋಣ. ಕಪ್ಪುವೃತ್ತ ಅವರೇ, ನೀವು ಸರಾಸರಿ ಮಾತ್ರ ಹೇಳಿದ್ದೀರಿ. ನನಗೆ ಅದಕ್ಕಿಂತ ಬೇಕಾದದ್ದು ಸ್ಪ್ರೆಡ್. ಅಂದರೆ ಸಾಲಾಗಿ ಹೊಡೆದ ಗುಂಡುಗಳಲ್ಲಿ ಅತಿ ಜೋರಿನದಕ್ಕೂ ಅತಿ ನಿಧಾನದ್ದಕ್ಕೂ ಎಷ್ಟು ಅಂತರ? 138 ಅನ್ನುವುದು 137ರಿಂದ 139ರ ಒಳಗೆ ಬಂದ 138 ಆಗಿದ್ದರೆ ಗನ್ ಆರೋಗ್ಯವಾಗಿದೆ. 131, 144, 136, 141 ಅಂತ ಬಂದ 138 ಆಗಿದ್ದರೆ ಅದು ಬೇರೆ ಕತೆ.

ನಮ್ಮ ಕೋಚ್ ಕ್ರೋನೋ ಇಟ್ಟಾಗ ಸರಾಸರಿ ಕಡೆ ಕಣ್ಣೂ ಹಾಯಿಸುವುದಿಲ್ಲ. ನೇರವಾಗಿ ಅಂತರ ನೋಡುತ್ತಾರೆ.

ಲೆಕ್ಕದಮೇಷ್ಟ್ರು:
ಗುರಿಕಾರ್ತಿ ಮೇಡಂ ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಅದಕ್ಕೆ ಅಂಕಿ ಸೇರಿಸುತ್ತೇನೆ. ಗಾಳಿಯ ತಡೆ ಬಿಟ್ಟು ಬರೀ ಗುರುತ್ವದ ಲೆಕ್ಕ.

ಹತ್ತು ಮೀಟರ್‌ನಲ್ಲಿ ಪೆಲೆಟ್ ಎಷ್ಟು ಕೆಳಗಿಳಿಯುತ್ತದೆ? 155ಕ್ಕೆ ಸುಮಾರು 20 ಮಿ.ಮೀ., 150ಕ್ಕೆ 22, 138ಕ್ಕೆ 26, 120ಕ್ಕೆ 34. ಈ ಇಳಿತ ಸಮಸ್ಯೆಯೇ ಅಲ್ಲ. ಹಿಂದಿನ ಸೈಟ್ ಕೆಲವು ಕ್ಲಿಕ್ ಏರಿಸಿದರೆ ಮುಗೀತು. ಸಮಸ್ಯೆ ಇರುವುದು ಒಂದೊಂದು ಗುಂಡು ಒಂದೊಂದು ಥರ ಇಳಿದರೆ. 138ರ ಆಸುಪಾಸಿನಲ್ಲಿ ವೇಗ ಸೆಕೆಂಡಿಗೆ ಒಂದು ಮೀಟರ್ ಬದಲಾದರೆ ತೂತು 0.37 ಮಿ.ಮೀ. ಮೇಲೆ ಕೆಳಗೆ ಆಗುತ್ತದೆ. 155ರಲ್ಲಿ 0.26. 120ರಲ್ಲಿ 0.57.

ಈಗ ಹೋಲಿಸಿ. ವೇಗ 138, ಸ್ಪ್ರೆಡ್ 2: ಮೇಲೆ ಕೆಳಗೆ ಮುಕ್ಕಾಲು ಮಿ.ಮೀ. ವೇಗ 155, ಸ್ಪ್ರೆಡ್ 8: ಎರಡು ಮಿ.ಮೀ.ಗಿಂತ ಜಾಸ್ತಿ. ಟಾರ್ಗೆಟ್‌ನಲ್ಲಿ ಒಂದು ವೃತ್ತದಿಂದ ಇನ್ನೊಂದಕ್ಕೆ 8 ಮಿ.ಮೀ., ಅಂಕದ ದಶಮಾಂಶದ (10.1, 10.2 ಅಂತ) ಒಂದು ಹೆಜ್ಜೆ 0.8 ಮಿ.ಮೀ. ಹಾಗಾಗಿ ಏರುಪೇರು ಇರುವ 155ಕ್ಕಿಂತ ಒಂದೇ ಸಮ ಇರುವ 138 ಒಂದೆರಡು ದಶಮಾಂಶ ಮುಂದೆ.

ಇನ್ನೊಂದು ಮಾತು. ವೇಗ ತುಂಬಾ ಇಳಿಸಿದರೂ ಇದೇ ಲೆಕ್ಕ ತಿರುಗುಬಾಣ ಆಗುತ್ತದೆ. 120ರಲ್ಲಿ ಅದೇ ಸ್ಪ್ರೆಡ್ ಇದ್ದರೂ ಚದುರುವುದು 155ರ ಎರಡು ಪಟ್ಟಿಗಿಂತ ಜಾಸ್ತಿ. ಹಾಗಾಗಿ "ವೇಗ ಲೆಕ್ಕಕ್ಕೇ ಇಲ್ಲ" ಅನ್ನುವವರೂ ಪೂರ್ತಿ ಸರಿಯಲ್ಲ.

ಬಿರುಗಾಳಿ:
ಅಂದರೆ ಸ್ಪ್ರೆಡ್ ಒಂದೇ ಇದ್ದರೆ ವೇಗ ಜಾಸ್ತಿ ಇದ್ದದ್ದೇ ಮೇಲು! ನಾನು ಹೇಳಿದ್ದೂ ಅದೇ ಅಲ್ವಾ?

ಲೆಕ್ಕದಮೇಷ್ಟ್ರು:
ನೀವು ಹೇಳಿದ ಕಾರಣಕ್ಕಲ್ಲ. ಆದರೂ ಅರ್ಧ ಅಂಕ ಕೊಡುತ್ತೇನೆ.

ಕಪ್ಪುವೃತ್ತ:
ಅಬ್ಬಾ, ಇಷ್ಟು ಬೇಗ ಇಷ್ಟೊಂದು ಉತ್ತರ! ಸ್ಪ್ರೆಡ್ ಬರೆದಿಟ್ಟುಕೊಂಡಿದ್ದೇನೆ: ಅತಿ ಕಡಿಮೆ 136.4, ಅತಿ ಹೆಚ್ಚು 139.3.

ಗುರಿಕಾರ್ತಿ:
ಸುಮಾರು ಮೂರು. ಹಾಗಾದರೆ ನಿಮ್ಮ ಗನ್‌ಗೆ ಏನೂ ಆಗಿಲ್ಲ. ಗೆಳೆಯನ ಗನ್ನಿನ ಸ್ಪ್ರೆಡ್ ಎಷ್ಟಂತೆ?

ಕಪ್ಪುವೃತ್ತ:
ಕೇಳಿದೆ. "ಅದೆಲ್ಲ ಯಾರು ನೋಡ್ತಾರೆ" ಅಂದ.

ತೋಳುನೋವು:
😂😂

ಸಿಲಿಂಡರಪ್ಪ:
ಯಾರೂ ಕೇಳದ ಒಂದು ಪ್ರಶ್ನೆ. ಯಾವ ಪೆಲೆಟ್? ತೂಕ ಎಷ್ಟು? ನೀವೂ ಗೆಳೆಯನೂ ಒಂದೇ ಡಬ್ಬದಿಂದ ಹೊಡೆದಿರಾ?

ಕಪ್ಪುವೃತ್ತ:
ಇಲ್ಲ ಅಣ್ಣ. ನನ್ನದು 0.53 ಗ್ರಾಂ, ರೈಫಲ್ ಪೆಲೆಟ್ ಅಂತಾರಲ್ಲ ಅದು. ಅವನದು 0.45 ಗ್ರಾಂ ಪಿಸ್ತೂಲ್ ಪೆಲೆಟ್.

ಸಿಲಿಂಡರಪ್ಪ:
ಹಾಗಿದ್ದರೆ ಕೇಸ್ ಕ್ಲೋಸ್. ಮೇಷ್ಟ್ರೇ, ಜೂಲ್ ಲೆಕ್ಕ ಹಾಕಿಕೊಡಿ.

ಲೆಕ್ಕದಮೇಷ್ಟ್ರು:
ತೂಕದ ಅರ್ಧ ಗುಣಿಸು ವೇಗದ ವರ್ಗ.

0.53 ಗ್ರಾಂ, 138 ಮೀಟರ್: 5.05 ಜೂಲ್.
0.45 ಗ್ರಾಂ, 150 ಮೀಟರ್: 5.06 ಜೂಲ್.

ಎರಡು ಗನ್ನೂ ಪೆಲೆಟ್‌ಗೆ ಕೊಡುತ್ತಿರುವ ಶಕ್ತಿ ಒಂದೇ. ಗೆಳೆಯನ ಗನ್ನಿಗಿರುವ ದಮ್ಮೇ ನಿಮ್ಮ ಗನ್ನಿಗೂ ಇದೆ. ಭಾರದ ಪೆಲೆಟ್ ಸ್ವಲ್ಪ ನಿಧಾನ ಹೋಗುತ್ತದೆ, ಅಷ್ಟೇ.

ಟ್ರಿಗರ್‌ತಾತ:
ಬೇಡ ಅಂತ ಮೊದಲೇ ಹೇಳಿದ್ದೆ.

ಕಪ್ಪುವೃತ್ತ:
ಇದನ್ನು ಈಗಲೇ ಅವನಿಗೆ ಕಳಿಸುತ್ತೇನೆ. ತಾತನಿಗೆ ಶರಣು.

ಹೊಸಗುರಿ:
ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ನಾನು ಈಗಷ್ಟೇ ಶುರು ಮಾಡಿದವಳು. ಸ್ಪರ್ಧೆಗೆ ಇಷ್ಟೇ ವೇಗ ಇರಬೇಕು ಅಂತ ನಿಯಮ ಇದೆಯಾ?

ಗುರಿಕಾರ್ತಿ:
ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ವೇಗಕ್ಕೆ ಮಿತಿ ಇಲ್ಲಮ್ಮ. ನೋಡುವುದು ಬೇರೆ ಅಳತೆ. ಪೆಲೆಟ್ 4.5 ಮಿ.ಮೀ., ಟ್ರಿಗರ್ ಕಡೇಪಕ್ಷ 500 ಗ್ರಾಂ ಎತ್ತಬೇಕು, ಗನ್ನಿನ ತೂಕ 1500 ಗ್ರಾಂ ದಾಟಬಾರದು, ಇಡೀ ಗನ್ 420 × 200 × 50 ಮಿ.ಮೀ. ಪೆಟ್ಟಿಗೆಯಲ್ಲಿ ಕೂರಬೇಕು. ವೇಗ ನಿಮ್ಮಿಷ್ಟ. ಆದರೆ ಕೆಲವು ದೇಶಗಳ ಕಾನೂನಿನಲ್ಲಿ ಶಕ್ತಿಯ ಮಿತಿ ಇರುತ್ತದೆ. ಜರ್ಮನಿಯಲ್ಲಿ ಲೈಸೆನ್ಸ್ ಇಲ್ಲದೆ ಕೊಳ್ಳುವ ಏರ್‌ಗನ್‌ಗೆ 7.5 ಜೂಲ್, ಅದಕ್ಕೇ ಅಲ್ಲಿಂದ ಬಂದ ಗನ್‌ಗಳ ಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ ಎಫ್ ಅಕ್ಷರ ಇರುತ್ತದೆ. ಮ್ಯಾಚ್ ಪಿಸ್ತೂಲ್‌ಗಳು ಐದಾರು ಜೂಲ್‌ನಲ್ಲೇ ಇರುವುದರಿಂದ ಅದೂ ತೊಂದರೆ ಕೊಡಲ್ಲ.

ಹೊಸಗುರಿ:
ಥ್ಯಾಂಕ್ಸ್ ಅಕ್ಕ. ಹಾಗಾದರೆ ರೈಫಲ್‌ನವರು ಯಾಕೆ 170? ಆ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಸಿಲಿಂಡರಪ್ಪ:
ಒಳ್ಳೆ ಪ್ರಶ್ನೆ. ರೈಫಲ್ ಬ್ಯಾರೆಲ್ ಉದ್ದ, ಗನ್ ನಾಲ್ಕೈದು ಕೆ.ಜಿ. ಭಾರ, ಭುಜಕ್ಕೆ ಒರಗಿರುತ್ತದೆ. ಒದೆತ ಅಲ್ಲೇ ಕರಗಿಹೋಗುತ್ತದೆ. ಅವರ ಹತ್ತರ ಚುಕ್ಕೆ ಬರೀ 0.5 ಮಿ.ಮೀ., ವೃತ್ತದಿಂದ ವೃತ್ತಕ್ಕೆ 2.5 ಮಿ.ಮೀ. ಅಂತರ. ಸಣ್ಣ ಏರುಪೇರೂ ಅವರಿಗೆ ದುಬಾರಿ. ನಮ್ಮ ಹತ್ತು 11.5 ಮಿ.ಮೀ. ಪೆಲೆಟ್ ಅಂಚು ತಾಗಿದರೂ ಹತ್ತೇ, ಅಂದರೆ ಪೆಲೆಟ್ ನಡುಭಾಗ ಕೇಂದ್ರದಿಂದ 8 ಮಿ.ಮೀ. ಆಚೆ ಬಿದ್ದರೂ ಹತ್ತು. ಜೊತೆಗೆ ನಾವು ಹಿಡಿಯುವುದು ಒಂದೇ ಕೈಯಲ್ಲಿ, ಚಾಚಿದ ತೋಳಿನ ತುದಿಯಲ್ಲಿ. ಅಲ್ಲಿ ಒದೆತ ಜಾಸ್ತಿ ಆದರೆ ಗನ್ ಪ್ರತಿಸಲ ಒಂದೇ ಥರ ಏಳುವುದಿಲ್ಲ.

ಈಗಿನ ಒಳ್ಳೆ ಪಿಸ್ತೂಲ್‌ಗಳಲ್ಲಿ ಅದಕ್ಕೂ ಮದ್ದು ಇದೆ. ಸ್ಟೈರ್ ಎಲ್‌ಪಿ10ರಲ್ಲಿ ಒಳಗೊಂದು ಸಣ್ಣ ತೂಕ ಓಡಾಡಿ ಒದೆತ ಹೀರುತ್ತದೆ. ಮೊರಿನಿಯಲ್ಲಿ ಅಂಥದ್ದಿಲ್ಲ, ಆದರೂ ಅದನ್ನು ಹಿಡಿದು ಗೆದ್ದವರಿಗೆ ಕೊರತೆ ಇಲ್ಲ.

ಬಿರುಗಾಳಿ:
ಮೊರಿನಿಗೆ ಎಲೆಕ್ಟ್ರಾನಿಕ್ ಟ್ರಿಗರ್ ಇದೆ, ಅದು ಬೇರೆ ಲೆವೆಲ್.

ಹಳೇಸ್ಪ್ರಿಂಗ್:
ಬ್ಯಾಟರಿ ಮುಗಿದಾಗ ಎಂಥ ಲೆವೆಲ್ ಅಂತ ಫೈನಲ್ ದಿನ ನೋಡಿದ್ದೇನೆ.

ಸೊನ್ನೆಬಿಂದು:
ನನ್ನದು ಇಂಗಾಲದ ಡೈಆಕ್ಸೈಡ್ ಗನ್. ಬೆಳಗ್ಗೆ ಹೊಡೆದರೆ ಕೆಳಗೆ, ಮಧ್ಯಾಹ್ನ ಹೊಡೆದರೆ ಮೇಲೆ. ಇದಕ್ಕೂ ವೇಗವೇ ಕಾರಣವಾ?

ಸಿಲಿಂಡರಪ್ಪ:
ಹೌದು. ಆ ಸಿಲಿಂಡರಿನಲ್ಲಿ ಅರ್ಧ ದ್ರವ, ಅರ್ಧ ಅನಿಲ. ಒತ್ತಡ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಬರೀ ಬಿಸಿ. 0 ಡಿಗ್ರಿಯಲ್ಲಿ ಸುಮಾರು 35 ಬಾರ್, 20ರಲ್ಲಿ 57, 30ರಲ್ಲಿ 72. ನಿಮ್ಮ ಗನ್ ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಬೇಗ ಬೇಗ ಹೊಡೆದರೆ ಸಿಲಿಂಡರ್ ತಾನೇ ತಣ್ಣಗಾಗಿ ವೇಗ ಇಳಿಯುತ್ತದೆ. ಸಿಲಿಂಡರ್ ಮುಟ್ಟಿ ನೋಡಿ, ಕೈಗೇ ಗೊತ್ತಾಗುತ್ತದೆ.

ಇದಕ್ಕೆ ಬೇಸತ್ತೇ ಎಲ್ಲರೂ ಗಾಳಿ ಸಿಲಿಂಡರಿಗೆ ಬಂದದ್ದು. 200 ಬಾರ್ ತುಂಬಿಸಿ, ರೆಗ್ಯುಲೇಟರ್ ಅದನ್ನು ಒಂದೇ ಮಟ್ಟಕ್ಕೆ ಇಳಿಸಿ ಕೊಡುತ್ತದೆ. ಬೆಳಗ್ಗೆ ಮಧ್ಯಾಹ್ನದ ಭೇದ ಹೆಚ್ಚೂಕಮ್ಮಿ ಹೋಯಿತು.

ಸೊನ್ನೆಬಿಂದು:
ಸದ್ಯ ಹೊಸ ಗನ್ ಆಗಲ್ಲ. ಏನು ಮಾಡಲಿ?

ಸಿಲಿಂಡರಪ್ಪ:
ಗನ್ನನ್ನು ಹೊಡೆಯುವ ಕೋಣೆಯಲ್ಲೇ ಒಂದಷ್ಟು ಹೊತ್ತು ಬಿಡಿ. ಗುಂಡಿಗೂ ಗುಂಡಿಗೂ ನಡುವೆ ಒಂದೇ ಸಮ ಬಿಡುವು ಕೊಡಿ. ಸೈಟ್ ಕ್ಲಿಕ್ ಬದಲಿಸುವುದಿದ್ದರೆ ಅಂದಂದಿನ ಟ್ರಯಲ್ ಗುಂಡುಗಳಲ್ಲಿ ಬದಲಿಸಿ. ಬಿಸಿಲಿಗೋ ಹೀಟರ್ ಪಕ್ಕವೋ ಮಾತ್ರ ಇಡಬೇಡಿ, ತುಂಬಿದ ಸಿಲಿಂಡರ್ ಬಿಸಿಯಾದರೆ ಅಪಾಯ.

ಗುರಿಕಾರ್ತಿ:
ಮೇಷ್ಟ್ರೇ, ವೇಗದ ವಿಷಯಕ್ಕೆ ಒಂದು ಚರಿತ್ರೆ. 1989ರಲ್ಲಿ ಸೆರ್ಗೆಯ್ ಪೀಝ್ಯಾನೊವ್ ಮ್ಯೂನಿಕ್‌ನಲ್ಲಿ 600ಕ್ಕೆ 593 ಹೊಡೆದರು. ಗಾಳಿ ಸಿಲಿಂಡರ್ ಪಿಸ್ತೂಲ್‌ಗಳು ಇನ್ನೂ ರೇಂಜ್ ತುಂಬಿರದ ಕಾಲ. ಆ ದಾಖಲೆ ಮುರಿಯಲು ಇಪ್ಪತ್ತು ವರ್ಷ ಹಿಡಿಯಿತು. 2009ರಲ್ಲಿ ಜಿನ್ ಜಾಂಗ್-ಓ 594. ಅಷ್ಟರಲ್ಲಿ ಗನ್‌ಗಳು ಎಲ್ಲಿಂದ ಎಲ್ಲಿಗೆ ಬಂದಿದ್ದವು ನೋಡಿ: ರೆಗ್ಯುಲೇಟರ್, ಒದೆತ ಹೀರುವ ತೂಕ, ಎಲ್ಲ. ಸಿಕ್ಕಿದ್ದು ಒಂದು ಅಂಕ.

ಬಿರುಗಾಳಿ:
ಅವರಿಬ್ಬರ ಕೈಗೆ ಪೈಪ್ ಕೊಟ್ಟರೂ ಹತ್ತು ಬೀಳುತ್ತಿತ್ತು. ನಮ್ಮಂಥವರ ಮಾತು ಬೇರೆ.

ತೋಳುನೋವು:
ನಮ್ಮಂಥವರಿಗೆ ವೇಗ ಇನ್ನೂ ಲೆಕ್ಕಕ್ಕಿಲ್ಲ ಗುರು. ನನ್ನ ಗುಂಡುಗಳು ಎಂಟರಿಂದ ಹತ್ತರವರೆಗೆ ಚದುರಿರುತ್ತವೆ. ಅದರೊಳಗೆ ಗನ್ನಿನ ಎರಡು ಮಿ.ಮೀ. ಹುಡುಕಲು ಹೋದರೆ ಸಿಗುತ್ತಾ?

ಅರೆಸ್ಕ್ರೂ:
ಸ್ಕ್ರೂ ತಿರುಗಿಸುವವರಿಗೆ ಒಂದು ಮಾತು. ನಾನು ಬೇರೆಯವರ ಗನ್ ರಿಪೇರಿ ಮಾಡಿಕೊಡುತ್ತೇನೆ, ಬರುವ ಗನ್‌ಗಳಲ್ಲಿ ಬಹಳಷ್ಟು ಹೀಗೆ "ಸ್ವಲ್ಪ ಏರಿಸೋಣ" ಅಂತ ಹೋಗಿ ಹಾಳಾದವೇ.

ಸಾಮಾನ್ಯವಾಗಿ ಎರಡು ಜಾಗ ಇರುತ್ತದೆ. ಒಂದು, ವಾಲ್ವ್ ಬಡಿಯುವ ಹ್ಯಾಮರ್ ಸ್ಪ್ರಿಂಗಿನ ಬಿಗಿ. ಇನ್ನೊಂದು, ರೆಗ್ಯುಲೇಟರ್ ಒತ್ತಡ. ಹ್ಯಾಮರ್ ಬಿಗಿ ಮಾಡುತ್ತಾ ಹೋದರೆ ಮೊದಲು ವೇಗ ಏರುತ್ತದೆ. ಆಮೇಲೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ತಿರುಗಿಸಿದರೆ ವೇಗ ಏರುವುದಿಲ್ಲ, ಗಾಳಿ ಮಾತ್ರ ಸುಮ್ನೆ ಹೋಗುತ್ತದೆ. ಸದ್ದು ದೊಡ್ಡದಾಗುತ್ತದೆ, ಒದೆತ ಜಾಸ್ತಿ, ಒಂದು ಫಿಲ್ಲಿಂಗಿಗೆ ಬರುವ ಗುಂಡು ಕಡಿಮೆ. ಪೈಪಿನಲ್ಲಿ ಬರುವಷ್ಟೇ ನೀರು ಬರುವುದು, ನಲ್ಲಿ ಎಷ್ಟು ತಿರುಗಿಸಿದರೇನು? ಸದ್ದು ಕೇಳಿ ಜನ "ಈಗ ಪವರ್ ಬಂತು" ಅಂದುಕೊಳ್ಳುತ್ತಾರೆ.

ಆ ಮಟ್ಟ ತಲುಪುವ ಜಾಗದಿಂದ ಸ್ವಲ್ಪ ಈಚೆ ಇಟ್ಟರೆ ಸ್ಪ್ರೆಡ್ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಎಲ್ಲಿ ಅಂತ ಕ್ರೋನೋ ಇಲ್ಲದೆ ಹೇಳಲಾಗದು. ತಿರುಗಿಸುವ ಮುಂಚೆ ಸ್ಕ್ರೂ ತಲೆಗೂ ಬಾಡಿಗೂ ಸೇರಿಸಿ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಕಾಲು ಸುತ್ತು ತಿರುಗಿಸಿ, ಹೊಡೆಯಿರಿ, ಬರೆದುಕೊಳ್ಳಿ.

ರೆಗ್ಯುಲೇಟರ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. 200 ಬಾರ್ ಆಟದ ಮಾತಲ್ಲ.

ಗುರಿಕಾರ್ತಿ:
ಅಣ್ಣ, ಬಿಡುವಿನ ಮೇಲೆ ಮೊದಲ ಗುಂಡು ಬೇರೆ ಕಡೆ ಹೋಗುವುದು ರೆಗ್ಯುಲೇಟರ್ ದೋಷವೇ ಅಲ್ವಾ?

ಅರೆಸ್ಕ್ರೂ:
ಬಹಳ ಸಲ ಹೌದು. ಒಳಗಿನ ಸೀಟ್ ಸವೆದಿದ್ದರೆ ಸುಮ್ಮನಿದ್ದಾಗ ಒತ್ತಡ ನಿಧಾನಕ್ಕೆ ಮೇಲೇರುತ್ತದೆ. ಹತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಗುಂಡಿನ ವೇಗ, ಅದರ ಹಿಂದೆಯೇ ಹೊಡೆದ ಗುಂಡುಗಳ ವೇಗ, ಎರಡನ್ನೂ ಕ್ರೋನೋದಲ್ಲಿ ನೋಡಿ. ಮೊದಲನೆಯದು ಪ್ರತಿಸಲ ಎದ್ದು ಕಾಣುವಷ್ಟು ಬೇರೆ ಇದ್ದರೆ ಸರ್ವಿಸಿಗೆ ಕೊಡಿ. ಹಾಗೇ ಸಿಲಿಂಡರ್ ಮೇಲಿನ ತಾರೀಖೂ ನೋಡಿ. ಹತ್ತು ವರ್ಷ ದಾಟಿದ ಸಿಲಿಂಡರನ್ನು ಸ್ಪರ್ಧೆಗಳಲ್ಲಿ ತಡೆಯುತ್ತಾರೆ.

ಕಪ್ಪುವೃತ್ತ:
ಅಯ್ಯೋ, ತಾರೀಖು ನೋಡಿಯೇ ಇರಲಿಲ್ಲ. ಈಗ ನೋಡಿದೆ. ಇನ್ನೂ ಟೈಮ್ ಇದೆ, ಬದುಕಿದೆ.

ಹೊಸಗುರಿ:
ಕ್ರೋನೋ ಬಗ್ಗೆ ಒಂದು. ನಮ್ಮ ರೇಂಜ್‌ನಲ್ಲಿ ಒಂದಿದೆ. ನಾನು ಹೊಡೆದರೆ ಒಮ್ಮೆ 149, ಒಮ್ಮೆ 310 ತೋರಿಸುತ್ತದೆ 🤔

ತೋಳುನೋವು:
310ರ ಗನ್ ಎಲ್ಲಿ ಸಿಗುತ್ತೆ, ಬಿರುಗಾಳಿಗೆ ಬೇಕಂತೆ.

ಅರೆಸ್ಕ್ರೂ:
ನಳಿಗೆ ಬಾಯಿ ಸೆನ್ಸರ್‌ಗೆ ತೀರಾ ಹತ್ತಿರ ಇದೆ. ಪೆಲೆಟ್ ಜೊತೆ ಬರುವ ಗಾಳಿಯ ಹೊಡೆತಕ್ಕೇ ಸೆನ್ಸರ್ ಎಚ್ಚೆತ್ತು ಎಣಿಕೆ ಕೆಡುತ್ತದೆ. ಒಂದಷ್ಟು ಹಿಂದೆ ಸರಿದು ಹೊಡೆಯಿರಿ. ಟ್ಯೂಬ್‌ಲೈಟ್ ಮಿನುಗುವುದೂ ಕೆಲವು ಕ್ರೋನೋಗಳಿಗೆ ಆಗಿಬರಲ್ಲ. ಪ್ರತಿ ಗುಂಡೂ ಒಂದೇ ದಾರಿಯಲ್ಲಿ, ಎರಡೂ ಸೆನ್ಸರ್ ಮೇಲೆ ನೇರ ಹೋಗಬೇಕು. ಓರೆಯಾದರೆ ಅಂಕಿ ತಪ್ಪು. ಕ್ರೋನೋ ಹಿಂದೆ ಗುಂಡು ತಡೆಯುವ ಪೆಟ್ಟಿಗೆ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಬಿರುಗಾಳಿ:
ಎಲ್ಲರೂ ಮೇಷ್ಟ್ರ ಪಾರ್ಟಿ ಸೇರಿದ್ದೀರಿ, ನಾನು ಒಬ್ಬನೇ. ಆದರೂ ಒಂದು ಮಾತು. ಕಾಗದದ ಟಾರ್ಗೆಟ್‌ನಲ್ಲಿ ನಿಧಾನದ ಪೆಲೆಟ್ ತೂತು ಕೊರೆಯಲ್ಲ, ಹರಿಯುತ್ತದೆ. ಅಂಚು ಕಿತ್ತುಹೋದರೆ ಗೇಜ್ ಹಾಕಿ ತೂತು ಅಳೆಯುವವರ ಜೊತೆ ಜಗಳ. ಇದನ್ನಾದರೂ ಒಪ್ಪುತ್ತೀರಾ?

ಲೆಕ್ಕದಮೇಷ್ಟ್ರು:
ಇದಕ್ಕೆ ಪೂರ್ತಿ ಅಂಕ. ಚಪ್ಪಟೆ ತಲೆಯ ಪೆಲೆಟ್ ಇರುವುದೇ ಕಾಗದವನ್ನು ಗುಂಡಗೆ ಕತ್ತರಿಸಲಿಕ್ಕೆ. ವೇಗ ತೀರಾ ಇಳಿದರೆ, ಅಥವಾ ಕಾಗದ ಮೆತ್ತಗಿದ್ದರೆ, ಹಿಂದೆ ಆಧಾರ ಇಲ್ಲದಿದ್ದರೆ ಹರಿಯುತ್ತದೆ. ಆದರೆ 138ರಲ್ಲಿ ಒಳ್ಳೆ ಟಾರ್ಗೆಟ್ ಕಾರ್ಡ್ ಹರಿಯುವುದನ್ನು ನಾನು ಕಂಡಿಲ್ಲ. ಎಲೆಕ್ಟ್ರಾನಿಕ್ ಟಾರ್ಗೆಟ್ ಆದರೆ ಆ ಜಗಳವೇ ಇಲ್ಲ.

ಸೊನ್ನೆಬಿಂದು:
ನನ್ನ ಗುಂಡುಗಳು ಉದ್ದಕ್ಕೆ ಮೇಲೆ ಕೆಳಗೆ ಚದುರುತ್ತವೆ, ಅಡ್ಡಕ್ಕೆ ಅಲ್ಲ. ಹಾಗಾದರೆ ಅದು ವೇಗದ್ದೇ ದೋಷ ಅಂತ ಹೇಳಬಹುದಾ?

ಗುರಿಕಾರ್ತಿ:
ಅಷ್ಟು ಬೇಗ ಗನ್ ಮೇಲೆ ಹಾಕಬೇಡಿ. ಮಣಿಕಟ್ಟು ಸಡಿಲ ಬಿಟ್ಟರೂ, ಹೊಡೆದ ಕೂಡಲೇ ಕೈ ಇಳಿಸಿದರೂ, ಮುಂದಿನ ಸೈಟ್ ಬಿಟ್ಟು ಟಾರ್ಗೆಟ್ ನೋಡಿದರೂ ಉದ್ದಕ್ಕೇ ಚದುರುತ್ತದೆ. ಗನ್ನನ್ನು ವೈಸ್‌ಗೆ (ಅಲ್ಲಾಡದಂತೆ ಬಿಗಿ ಹಿಡಿಯುವ ಸಾಧನ) ಕಟ್ಟಿ ಹೊಡೆದು ನೋಡಿ. ಅಲ್ಲೂ ಉದ್ದಕ್ಕೆ ಬಂದರೆ ವೇಗ. ಅಲ್ಲಿ ದುಂಡಗೆ ಬಂದರೆ ಕನ್ನಡಿ ಮುಂದೆ ನಿಂತು ಖಾಲಿ ಗನ್ ಹಿಡಿದು ಅಭ್ಯಾಸ.

ಸೊನ್ನೆಬಿಂದು:
ಕನ್ನಡಿ ಬೇಡ ಅಕ್ಕ, ಇಂಗಾಲದ ಮೇಲೇ ಹಾಕ್ತೀನಿ.

ಕಪ್ಪುವೃತ್ತ:
ವೈಸ್ ಅಂದಿದ್ದಕ್ಕೆ ನೆನಪಾಯಿತು. ಗೆಳೆಯನೂ ನಾನೂ ಸೇರಿ ಎರಡೂ ಪೆಲೆಟ್ ತಂದು ನನ್ನ ಗನ್ನನ್ನು ವೈಸ್‌ಗೆ ಕಟ್ಟಿ ಹೊಡೆದೆವು. ಸ್ಕ್ರೂ ಮುಟ್ಟಿಲ್ಲ, ತಾತನಾಣೆ.

0.45 ಗ್ರಾಂ: ಸರಾಸರಿ 148, ಸ್ಪ್ರೆಡ್ 5ರ ಹತ್ತಿರ. ತೂತುಗಳು ಒಂದರ ಪಕ್ಕ ಒಂದು, ಒಂದೆರಡು ಸ್ವಲ್ಪ ಹೊರಗೆ.
0.53 ಗ್ರಾಂ: 138, ಸ್ಪ್ರೆಡ್ 3. ಒಂದೇ ತೂತು, ಅಂಚು ಮಾತ್ರ ಸ್ವಲ್ಪ ದೊಡ್ಡದು.

ಮಜಾ ಅಂದರೆ ಅವನ ಗನ್‌ಗೆ ಉಲ್ಟಾ! 0.45 ಚೆನ್ನಾಗಿ ಬಂತು, 0.53 ಚದುರಿತು.

ಸಿಲಿಂಡರಪ್ಪ:
ಅದೇ ಸಹಜ. ಒಂದೊಂದು ಬ್ಯಾರೆಲ್‌ಗೆ ಒಂದೊಂದು ಪೆಲೆಟ್ ಒಗ್ಗುತ್ತದೆ. ತೂಕ ಅಷ್ಟೇ ಅಲ್ಲ, ತಲೆಯ ಅಳತೆಯೂ ಇದೆ: 4.49, 4.50, 4.51. ಒಂದೇ ಕಂಪನಿಯ ಒಂದೇ ಪೆಲೆಟ್ ಆದರೂ ಬ್ಯಾಚ್ ಬದಲಾದರೆ ಫಲಿತಾಂಶ ಬದಲಾಗಬಹುದು. ನಿಮಗೆ ಒಗ್ಗಿದ ಡಬ್ಬದ ಮೇಲಿನ ಬ್ಯಾಚ್ ನಂಬರ್ ಬರೆದಿಟ್ಟುಕೊಂಡು ಅದೇ ಬ್ಯಾಚ್ ಸಿಕ್ಕಷ್ಟು ಎತ್ತಿಟ್ಟುಕೊಳ್ಳಿ. ಯಾವ ವೇಗ ಅನ್ನುವುದು ಆಮೇಲೆ ತಾನಾಗಿ ಬರುವ ಅಂಕಿ.

ಬಿರುಗಾಳಿ:
ಅಂದರೆ ಅವನ ಗನ್ನಿಗೆ 150ರ ಪೆಲೆಟ್ಟೇ ಸರಿ. ನಾನು 150 ಅಂದಿದ್ದೆ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಲೆಕ್ಕದಮೇಷ್ಟ್ರು:
ನೀವು 155 ಅಂದಿದ್ದಿರಿ.

ಹೊಸಗುರಿ:
ಕೊನೆಗೊಂದು ಬೇರೆ ವಿಷಯ. ಪೆಲೆಟ್ ಕೈಜಾರಿ ನೆಲಕ್ಕೆ ಬಿದ್ದರೆ ಒರೆಸಿ ಹಾಕಬಹುದಾ?

ಅರೆಸ್ಕ್ರೂ:
ಬೇಡಮ್ಮ. ಸೀಸ ಮೆತ್ತಗೆ, ಪೆಲೆಟ್ ಹಿಂಭಾಗದ ಲಂಗದಂಥ ಅಂಚು ಸುಲಭವಾಗಿ ಸೊಟ್ಟಗಾಗುತ್ತದೆ. ಅಂಚು ಸೊಟ್ಟಗಾದರೆ ಗಾಳಿ ಒಂದು ಕಡೆ ಸೋರುತ್ತದೆ, ವೇಗವೂ ದಾರಿಯೂ ಎರಡೂ ಕೆಡುತ್ತವೆ. ಜೊತೆಗೆ ನೆಲದ ಧೂಳು ಬ್ಯಾರೆಲ್ ಒಳಗೆ. ಬೇರೆ ಡಬ್ಬಕ್ಕೆ ಹಾಕಿಡಿ.

ತೋಳುನೋವು:
ಆ ಡಬ್ಬ ತುಂಬಿದ ಮೇಲೆ?

ಅರೆಸ್ಕ್ರೂ:
ಸೀಸ ಕೊಳ್ಳುವ ಗುಜರಿಯವರಿಗೆ. ಮತ್ತೆ ಎಲ್ಲರೂ ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ತಿಂಡಿ ಆಮೇಲೆ.

ತೋಳುನೋವು:
ತೊಳೆದೇ ಟೈಪ್ ಮಾಡ್ತಿದ್ದೀನಿ ಅಣ್ಣ.